ಸೇಸಪ್ಪಣ್ಣ ಸಾಯದ ಆಟ

ಸೇಸಪ್ಪ ದುಬೈಗೆ ಬಂದಾಗಿನಿಂದ ವಾರವಿಡೀ ಲೂಬ್ರಿಕೆಂಟ್ ಗೋದಾಮಿನಲ್ಲಿ ಡ್ರಮ್ ಉರುಳಿಸಿದ, ಊರವರ ಸಂಘದ ಯಕ್ಷಗಾನ ಇದ್ದ ಶುಕ್ರವಾರಗಳಲ್ಲಿ ಸತ್ತ. ಆಳು ದಪ್ಪ, ಸ್ವರ ಕೋಣನದ್ದು, ಹಾಗಾಗಿ ಯಾವಾಗಲೂ ರಕ್ಕಸ ವೇಷ. ಬೊಬ್ಬೆ ಹೊಡೆದು ಬರುವುದು, ಪೆಟ್ಟು ತಿಂದು ಬೀಳುವುದು. ಮಂಗಳ ಹಾಡಿ ಎಲ್ಲರೂ ಫೋಟೊಕ್ಕೆ ನಿಲ್ಲುವಾಗ ಇವನು ಹಿಂದೆ ಬಣ್ಣ ಉಜ್ಜಿ ತೆಗೆಯುತ್ತ ಸುಲೈಮಾನಿ ಚಹಾ ಕುಡಿಯುತ್ತಿದ್ದ.

"ನಿಮ್ಮ ಒಂದು ಫೋಟೊದಲ್ಲಾದರೂ ತಲೆ ನೆಟ್ಟಗೆ ಉಂಟಾ? ಎಲ್ಲದರಲ್ಲೂ ಹೆಣ," ಎನ್ನುತ್ತಿದ್ದಳು ಹೆಂಡತಿ ವಾರಿಜಾಕ್ಷಿ.

೨೦೧೪ರಲ್ಲಿ ಸಂಘದ ಆಟಗಳನ್ನು ಆಡಿಸುವ ಇಂದ್ರಾಣಿ ಟೀಚರ್ ಹೊಸ ಪ್ರಸಂಗ ಬರೆದರು: ತಿಮಿಂಗಿಲ ಬೇಟೆಯ ಕತೆ. ಮೊದಲನೆಯ ತಿಮಿಂಗಿಲ ದೋಣಿಯವರ ಕೈಯೀಟಿಗೆ ಸಾಯುತ್ತದೆ, ಅದರ ಕೊಬ್ಬು ಕರಗಿಸಿ ಊರೂರಿಗೆ ದೀಪ. ಎರಡನೆಯದು ಹಬೆಹಡಗಿನ ಫಿರಂಗಿಗೆ. ಮೂರನೆಯದರ ಹೊತ್ತಿಗೆ ಕಡಲು ಬರಿದಾಗಿ, ಜನ ಬೀದಿಗಿಳಿದು, ದೇಶಗಳೆಲ್ಲ ಸೇರಿ ಬೇಟೆಗೆ ತಡೆ ಹಾಕುತ್ತವೆ. ಅದು ಉಳಿಯುತ್ತದೆ.

"ಮೂರೂ ನೀವೇ, ಸೇಸಪ್ಪಣ್ಣ."

"ಕೊನೆಗೆ ಸಾಯಲಿಕ್ಕಿಲ್ಲವಾ ಟೀಚರ್?"

"ಇಲ್ಲ."

"ಮತ್ತೆ ನಾನು ಎಂತ ಮಾಡುವುದು?"

"ಈಜುವುದು."

ಅಂದಿನಿಂದ ಇಂಟರ್‌ನ್ಯಾಷನಲ್ ಸಿಟಿಯ ಒಂದೇ ಕೋಣೆಯ ಮನೆಯಲ್ಲಿ ಈಜೋ ಈಜು. ದೋಸೆ ಹಿಟ್ಟಿನ ಪಾತ್ರೆ ಎರಡು ಸಲ ಮಗುಚಿತು. ವಾರಿಜಾಕ್ಷಿ ಬೈಯಲಿಲ್ಲ, ಫೋಟೊಕ್ಕೆ ಗೋಡೆಯಲ್ಲಿ ಮೊಳೆ ಹೊಡೆದಿಟ್ಟಳು.

ಆಟದ ದಿನ ಅತಿಥಿಗಳು ಶಾಲು ಹೊದ್ದು ಗಂಟೆಗಟ್ಟಲೆ ಭಾಷಣ ಬಿಗಿದರು. ತಿಮಿಂಗಿಲ ಎರಡು ಸಲ ಸಾಯುವಷ್ಟರಲ್ಲಿ ಹಾಲ್ ಬಿಡುವ ಹೊತ್ತು. ಕಾರ್ಯದರ್ಶಿ ಕೀರ್ತನ್ ಪರದೆಯ ಮರೆಯಿಂದ ಪಿಸುಗುಟ್ಟಿದ: "ಯಲ್ಲಾ, ಬೇಗ ಬೇಗ, ಇದನ್ನೂ ಕೊಂದು ಮಂಗಳ ಹಾಡಿ."

ಬೇಟೆಹಡಗಿನ ಕಪ್ತಾನನ ವೇಷ ಯುಜಿನ್‌ನದ್ದು. ಅಬುಧಾಬಿಯಲ್ಲಿ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲಿನಲ್ಲಿ ವೇಟರ್, ಇದು ಮೊದಲ ವೇಷ. ಹೇಳಿದಂತೆ ಈಟಿ ತಿವಿದ. ಸೇಸಪ್ಪ ಬೀಳಲಿಲ್ಲ. ಮತ್ತೆ ತಿವಿದ.

"ಸೇಸಪ್ಪಣ್ಣ, ಬೀಳಿ ಮಾರಾಯ್ರೆ," ಎಂದ ಮೆಲ್ಲಗೆ.

ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಕಟ್ಟಿದ್ದು. ಎದುರಿನವ ಪ್ರಶ್ನೆ ಹಾಕಿದರೆ ಉತ್ತರಿಸದೆ ಕೊಲ್ಲುವುದು ಮರ್ಯಾದೆಯಲ್ಲ. ಜನ್ಮವಿಡೀ ಬೊಬ್ಬೆ ಮಾತ್ರ ಹೊಡೆದ ಸೇಸಪ್ಪ ಬಾಯಿ ತೆರೆದ.

"ಎಲೈ ಕಪ್ತಾನ, ನನ್ನನ್ನೇಕೆ ಕೊಲ್ಲುವೆ?"

"ದೀಪಕ್ಕೆ ಎಣ್ಣೆ ಬೇಕು," ಎಂದ ಯುಜಿನ್ ಬೆವರುತ್ತ.

"ಸೀಮೆಎಣ್ಣೆ ಬಂದು ಯಾವ ಕಾಲವಾಯಿತು?"

"ಹಾಗಾದರೆ... ಯಂತ್ರಕ್ಕೆ."

"ನನ್ನ ಗೋದಾಮಿಗೆ ಬಾ. ಡ್ರಮ್ಮುಗಟ್ಟಲೆ ಉಂಟು. ಭಾನುವಾರ ಡೆಲಿವರಿ."

ಹಾಲ್ ಬಿದ್ದು ಬಿದ್ದು ನಕ್ಕಿತು.

"ಮಾಂಸ?"

"ನಿನ್ನ ಹೋಟೆಲಿನ ಬಫೆಗೆ ಬರಗಾಲವೋ?"

ಯುಜಿನ್‌ನ ಕಾರಣ ಮುಗಿಯಿತು. ಕೊಲ್ಲುವವರ ಹತ್ತಿರ ಕಾರಣ ಎಂದೂ ಹೆಚ್ಚಿರುವುದಿಲ್ಲ, ನಿಲ್ಲಿಸಿ ಕೇಳುವವರು ಇರುವುದಿಲ್ಲ, ಅಷ್ಟೇ. ಅವನು ಈಟಿ ನೆಲಕ್ಕೆ ಹಾಕಿದ. "ಖಲಾಸ್. ನೀನು ಈಜು."

ಚೆಂಡೆ ಸಿಡಿಯಿತು. ತಿಮಿಂಗಿಲ ರಂಗದಿಂದ ಇಳಿದು ಕುರ್ಚಿಗಳ ನಡುವೆ ಈಜಿತು, ಹಳೇ ಹಾಸಿಗೆಯ ಸ್ಪಂಜಿನ ಬಾಲ ಅತಿಥಿಗಳ ಶಾಲುಗಳನ್ನೆಲ್ಲ ಗುಡಿಸಿಕೊಂಡು ಬಂತು. ಮಕ್ಕಳು ಬಾಲ ಹಿಡಿದು ಹಿಂದೆ ಓಡಿದರು. ಹಾಲ್ ಮುಚ್ಚಲು ಬಂದಿದ್ದ ವಾಚ್‌ಮನ್ ಬೀಗ ಹಿಡಿದೇ ಕುಣಿದ.

ಮಂಗಳ ಮುಗಿದು ಎಲ್ಲರೂ ಸಾಲಾಗಿ ನಿಂತರು. ಸೇಸಪ್ಪ ಮಾತ್ರ ಹಳೇ ಅಭ್ಯಾಸದಂತೆ ಸುಲೈಮಾನಿ ಇರುವ ಕಡೆ ಹೊರಟ.

ವಾರಿಜಾಕ್ಷಿ ಕುರ್ಚಿ ಹತ್ತಿದಳು. "ಎಲ್ಲಿಗೆ ಹೋಗುವುದು? ನೀವು ಸತ್ತಿಲ್ಲ, ಅಲ್ಲೇ ನಿಲ್ಲಿ."

ನಿಂತ. ಆ ಮೊಳೆಯಲ್ಲೀಗ ತೂಗುವ ಫೋಟೊದಲ್ಲಿ ಅವನ ತಲೆ ನೆಟ್ಟಗಿದೆ, ನಗುವ ಬಾಯಿ ಕಿವಿಯವರೆಗೆ ಹರಿದಿದೆ. ಕೀರ್ತನ್‌ನ ಮುಖ ಇರಬೇಕಾದಲ್ಲಿ ಬಾಲವಿದೆ.