ಏಲಕ್ಕಿ ಹಳ್ಳದಲ್ಲೊಂದು ಹೆಣ

ಪಿಯುಸಿಯಲ್ಲಿ ಡುಮ್ಕಿ ಹೊಡೆದ ವರ್ಷ ನಾನು ಕಾದಂಬರಿಕಾರ್ತಿಯಾಗಲು ಹೊರಟೆ. ತೊಂಬತ್ತರ ದಶಕ. ವನಗೂರಿನ ಕಡೆಯ ಎಸ್ಟೇಟೊಂದರಲ್ಲಿ ಅಪ್ಪ ರೈಟರ್, ಆಳುಗಳ ಹಾಜರಿ ಹಿಡಿದು ಕೆಲಸ ಹಂಚುವವರು. ಆಲೂರಿನ ಬಾಡಿಗೆ ಪುಸ್ತಕದಂಗಡಿಯಿಂದ ತಂದ ಪತ್ತೇದಾರಿ ಕಾದಂಬರಿಗಳನ್ನೂ, ಕೋರೆಹಲ್ಲಿನ ವಿದೇಶಿ ರಕ್ತಪಿಶಾಚಿಗಳ ಕತೆಗಳನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದ್ದೆ. ಎರಡನ್ನೂ ಬೆರೆಸಿದರೆ ಹೇಗೆ ಅನ್ನಿಸಿದ್ದೇ ತಡ, ಮೈಯೆಲ್ಲ ಜುಂ ಎಂದಿತು. ನನ್ನ ಪತ್ತೇದಾರ ಸದಾ ಸಿಗರೇಟು ಸೇದುತ್ತಿದ್ದ, ಯಾರನ್ನೂ ನಂಬುತ್ತಿರಲಿಲ್ಲ, ನಗುವುದಂತೂ ಇಲ್ಲವೇ ಇಲ್ಲ.

“ನಮ್ಮ ಆಳುಗಳಿಗೆ ಓದಿ ಹೇಳು. ಒಬ್ರಾದ್ರೂ ಹೆದರಿದ್ರೆ ಮುಂದಕ್ಕೆ ಬರಿ. ಇಲ್ದಿದ್ರೆ ಆ ನೋಟ್‌ಬುಕ್ಕು ಬಚ್ಚಲೊಲೆಗೆ,” ಅಂದರು ಅಪ್ಪ. ಸುಮ್ಮನೆ ಹೇಳುವವರಲ್ಲ ಅವರು.

ಏಲಕ್ಕಿ ಬಿಡಿಸುವ ಹೆಣ್ಣಾಳುಗಳು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದುದು ಸ್ಟೋರಿನ ಜಗಲಿಯಲ್ಲಿ. ಅಲ್ಲೇ ಮೊದಲ ಅಧ್ಯಾಯ ಓದಿದೆ. ನಮ್ಮ ಎಸ್ಟೇಟಿನ ಕೆಳಗಿನ ಹಳ್ಳದ ಏಲಕ್ಕಿ ತೋಟದಲ್ಲಿ ಒಂದು ಹೆಣ, ಕುತ್ತಿಗೆಯ ಮೇಲೆ ಕಚ್ಚಿದ ಎರಡು ಗಾಯ. ಯಾರು ಮೊದಲು ಕಿರುಚುತ್ತಾರೋ ಎಂದು ಕಾದೆ.

ಗುಂಪಿನ ಹಿರಿಯಾಕೆ ಸೀರೆಯನ್ನು ಚೂರು ಎತ್ತಿ ಕಾಲು ತೋರಿಸಿದಳು. “ಎರಡೇಯ? ನಂಗೆ ಬೆಳಗ್ಗಿಂದ ಹನ್ನೊಂದು ಜಿಗಣೆ ಹತ್ತವೆ ಕಣವ್ವ. ನಿನ್ ಪೋಲೀಸಪ್ಪನ್ನ ಇಲ್ಲಿಗೂ ಕಳ್ಸು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜಿಗಣೆ ಹತ್ತದಿರಲೆಂದು ದಿನಾ ಕಾಲಿಗೆ ಹೊಗೆಸೊಪ್ಪು, ಸುಣ್ಣ ಉಜ್ಜಿಕೊಂಡು ತೋಟಕ್ಕಿಳಿಯುವವರ ಮುಂದೆ ರಕ್ತ ಹೀರುವ ಪಿಶಾಚಿಯನ್ನು ತಂದು ನಿಲ್ಲಿಸಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. ಅವಮಾನಕ್ಕೆ ಅಳುವೇ ಬಂತು. ಅದನ್ನು ಕಂಡು ಹಿರಿಯಾಕೆ ಮೆತ್ತಗಾದಳು.

“ಜಿಗಣೆ ಬಿಟ್ಮೇಲೆ ರಕ್ತ ನಿಲ್ಲಾಕಿಲ್ಲ ಕಣವ್ವ, ಸುರೀತಾನೇ ಇರ್ತದೆ. ನಿನ್ ಹೆಣದ್ ಅಂಗಿ ಮ್ಯಾಲೆ ರಕ್ತ ಎಲ್ಲೈತೆ?”

ಇರಲಿಲ್ಲ. ಬರೆಯಲು ಮರೆತಿದ್ದೆ. ಆ ಮರೆವನ್ನೇ ಸುಳಿವು ಮಾಡಬಹುದಲ್ಲ ಎಂದು ಹೊಳೆದಾಗ ಎದ್ದು ಕುಣಿಯುವಂತಾಯಿತು. ಮರುದಿನ ಅದನ್ನೇ ಓದಿದೆ. ಪತ್ತೇದಾರ ಹೆಣದ ಕಾಲರ್ ಸರಿಸಿ ನೋಡುತ್ತಾನೆ. ಎರಡು ಗಾಯ, ಬಿಳಿ ಅಂಗಿ, ಒಂದು ತೊಟ್ಟೂ ರಕ್ತವಿಲ್ಲ. ‘ಇದು ಜಿಗಣೆಯಲ್ಲ’ ಎನ್ನುತ್ತಾನೆ.

ಯಾರೂ ನಗಲಿಲ್ಲ. ಹಿರಿಯಾಕೆ ಕಲಸಿದ ತುತ್ತು ಬುತ್ತಿಯಲ್ಲೇ ಉಳಿಯಿತು.

ಅದರ ಮಾರನೆಯ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಗಲಾಟೆ. ಕೆಳಗಿನ ಹಳ್ಳಕ್ಕಿಳಿಯಲು ಒಬ್ಬಳೂ ಒಪ್ಪಲೊಲ್ಲಳು. ಅಲ್ಲೇನಿದೆ ಎಂದು ಅಪ್ಪ ಗದರಿದರು.

“ನಿಮ್ ಮಗಳ್ನೇ ಕೇಳಿ ರೈಟ್ರೆ, ಅವ್ಳೇ ಅಲ್ಲಿ ಹೆಣ ಮಡಗವ್ಳೆ,” ಎಂದಳು ಹಿರಿಯಾಕೆ.

ಅಪ್ಪ ನನ್ನತ್ತ ತಿರುಗಿದರು. ನನಗೆ ಭಯ, ಅದರ ದುಪ್ಪಟ್ಟು ಖುಷಿ.

“ಏಲಕ್ಕಿ ಕುಯ್ಲು ಮುಗಿಯೋವರ್ಗೂ,” ಅಂದರು ಅಪ್ಪ, “ಆ ಹೆಣನ ಬೇರೆ ಯಾರ್ದಾದ್ರೂ ಎಸ್ಟೇಟಿಗೆ ಸಾಗಿಸು ಮಾರಾಯ್ತಿ.”