ತೊಗಲಿನ ಬೆಲ್ಟಿನ ಗಾಡಿ

ಆಯುಧಪೂಜೆಯ ದಿನ ಬೆಳಿಗ್ಗೆ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಿಂದ ಹೊರಟೆವು. ಕಾರು ಓಡಿಸಿದ್ದು ಅಲ್ಲೇ ಮನೆ ಮಾಡಿರುವ ನನ್ನ ತಂಗಿಯ ಮಗಳು ವನಜಾ. ಲಾಸ್ ಏಂಜಲೀಸಿನ ನಾರ್ತ್‌ರಿಜ್‌ಗೆ ಸುಮಾರು ಮೂರು ಗಂಟೆ ಹಿಡಿಯಿತು ಮಕ್ಕಳೇ. ಸ್ವಲ್ಪ ದೂರ ಎಡಗಡೆ ಸಮುದ್ರ, ಆಮೇಲೆ ಬರೀ ಕಾರುಗಳು. ದಾರಿಯಲ್ಲಿ ಡಬ್ಬಿಯ ಚಿತ್ರಾನ್ನ ತಿಂದೆವು. ಇಳಿದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು.

ಅಲ್ಲಿ ವನಜಾಳಿಗೆ ಪರಿಚಯದ ಮೈಸೂರಿನ ಡಾಕ್ಟರೊಬ್ಬರಿದ್ದಾರೆ, ಈಗ ನಿವೃತ್ತರು. ನೂರು ವರ್ಷಕ್ಕೂ ಹಳೆಯದಾದ ಅಮೆರಿಕದ ಮೋಟರ್‌ಸೈಕಲ್ಲೊಂದನ್ನು ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದಾರೆ. ಅಂದು ಅದನ್ನು ಮೊದಲ ಸಲ ಓಡಿಸುವವರಿದ್ದರು.

ನೋಡಿದರೆ ಸೈಕಲ್ಲೇ! ಪೆಡಲ್ ಇದೆ, ಬಿಳಿಯ ಟಯರು, ಚೌಕಟ್ಟಿಗೆ ನೇತುಹಾಕಿದ ಪುಟ್ಟ ಟ್ಯಾಂಕು. ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಚೈನಿನ ಬದಲು ತೊಗಲಿನ ಬೆಲ್ಟು. ಒಂದು ಹಿಡಿಯನ್ನು ಎಳೆದರೆ ಬೆಲ್ಟು ಬಿಗಿ, ಬಿಟ್ಟರೆ ಸಡಿಲ. ಗೇರು ಅಂತ ಬೇರೆ ಇಲ್ಲ. ನಮ್ಮ ಹಿಟ್ಟಿನ ಗಿರಣಿಯಲ್ಲಿರುವುದೂ ಇಂಥದೇ ಬೆಲ್ಟಲ್ಲವೇ? ಇಷ್ಟೇ ಸಾಮಾನಿನಲ್ಲಿ ಮನುಷ್ಯನನ್ನು ಹೊತ್ತು ಓಡುವ ಯಂತ್ರ ಮಾಡಿದವರ ತಲೆ ಎಂಥದ್ದಿರಬೇಕು ಎಂದು ನೋಡುತ್ತಲೇ ನಿಂತೆ.

"ಮುಟ್ಟಿ ನೋಡಿಮ್ಮ, ಪರವಾಗಿಲ್ಲ" ಎಂದರು ಡಾಕ್ಟರು.

ಅಷ್ಟರಲ್ಲಿ ಅವರ ಹೆಂಡತಿ ಕಮಲಮ್ಮ ಪೂಜೆಯ ತಟ್ಟೆ ತಂದರು. ನಾನು ಗ್ಯಾರೇಜಿನ ಬಾಗಿಲ ಹತ್ತಿರಕ್ಕೆ ಸರಿದೆ. ನಿಮ್ಮ ತಾತ ಹೋದ ಮೇಲೆ ಗಿರಣಿಯ ಪೂಜೆಯಲ್ಲೂ ನಾನು ಹಾಗೆಯೇ ನಿಲ್ಲುತ್ತೇನಲ್ಲ. ಗಂಡ ಇಲ್ಲದವಳು ಕುಂಕುಮ ಮುಟ್ಟಬಾರದು ಎನ್ನುತ್ತಾರೆ. ಆದರೆ ಆ ಬೆಲ್ಟಿಗೆ ಒಂದು ಬೊಟ್ಟು ಇಡಬೇಕೆಂದು ಬಹಳ ಆಸೆಯಾಗಿತ್ತು.

ಕಮಲಮ್ಮ ತಟ್ಟೆಯನ್ನು ನನ್ನ ಮುಂದೆ ಹಿಡಿದರು. "ತಗೊಳ್ರೀ, ನೀವೇ ಇಡಿ."

"ಅಯ್ಯೋ ಬೇಡಮ್ಮ, ನಾನು ಇಡಬಾರದು."

"ಎಷ್ಟೋ ವರ್ಷದಿಂದ ನನ್ನ ಕಾರು ಬಿಸಿಲಲ್ಲಿ, ಇವಳು ಗ್ಯಾರೇಜಲ್ಲಿ. ಸವತಿಗೆ ನನ್ನ ಕೈಲೇ ಕುಂಕುಮ ಇಡಿಸ್ತೀರಾ?" ಎಂದು ಕಮಲಮ್ಮ ಗಾಡಿಯ ಕಡೆ ಕೈ ತೋರಿಸಿದರು.

"ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ಇವ್ರ ರಿಪೇರಿ ಸರಿಯಿಲ್ಲ ಅಂತ!"

ಬೆಲ್ಟಿಗೆ ಬೊಟ್ಟು ಇಟ್ಟು, ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟೆ. ಡಾಕ್ಟರು ಗಾಡಿಯನ್ನು ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸಿ, ಹಿಡಿಯನ್ನು ಎಳೆದು ಪೆಡಲ್ ತುಳಿದರು. ಗೊರ್ ಎಂದು ನಿಂತೇ ಹೋಯಿತು. ನಾನು ನೆಲ ನೋಡಿದೆ. ಮತ್ತೆ ತುಳಿದರು. ಟಪ್ ಟಪ್ ಟಪ್! ಬೆಲ್ಟು ಸಡಿಲ ಬಿಟ್ಟು ಸ್ಟ್ಯಾಂಡು ಎತ್ತಿದರು, ಮತ್ತೆ ಹಿಡಿಯನ್ನು ಎಳೆದರು, ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಡಿ ಬೀದಿಯ ತಿರುವಿನವರೆಗೆ ಹೋಗಿ ಬಂತು. ಚಪ್ಪಾಳೆ ತಟ್ಟಿದವರಲ್ಲಿ ಕಮಲಮ್ಮನೇ ಮೊದಲು.

ಸಂಜೆ ಹೊರಡುವಾಗ ಇನ್ನೊಮ್ಮೆ ಗ್ಯಾರೇಜಿಗೆ ಹೋಗಿ ನೋಡಿದೆ. ಬೆಲ್ಟಿನ ಮೇಲಿನ ಬೊಟ್ಟು ಉಜ್ಜಿ ಹೋಗಿತ್ತು. ನನ್ನ ಬೆರಳಿನ ಕೆಂಪು ಮಾತ್ರ ಸ್ಕ್ರಿಪ್ಸ್ ರ್ಯಾಂಚ್ ಸೇರುವವರೆಗೂ ಇತ್ತು; ನಾನೂ ತೊಳೆಯಲಿಲ್ಲ. ಮುಂದಿನ ವರ್ಷ ಗಿರಣಿಯ ಪೂಜೆಯಲ್ಲಿ ತಟ್ಟೆಯನ್ನು ನನ್ನ ಕೈಗೆ ಕೊಡಿ, ಮಕ್ಕಳೇ.