ಬಾರದ ಊಟಕ್ಕೆ ಬಂದ ಟಿಕೆಟ್

ಮುಂಬೈಯಿಂದ ದೆಹಲಿಗೆ ಹೊರಟ ವಿಮಾನದಲ್ಲಿ, ಮೊದಲೇ ಹೇಳಿಟ್ಟಿದ್ದ ನಮ್ಮ ಸಸ್ಯಾಹಾರಿ ಊಟ ಬರಲೇ ಇಲ್ಲ. ಗಗನಸಖಿ ಕೈಮುಗಿದು ಕ್ಷಮೆ ಕೇಳಿದಳು. ನಾನು ಕುಮಟಾದ ಮರ್ಯಾದೆಗೆ ತಕ್ಕಂತೆ, ನಮ್ಮೂರಿನ ‘ಅಡ್ಡಿಲ್ಲ’ವನ್ನೇ ಹಿಂದಿಯಲ್ಲಿ ಹೇಳಿ, ಮನೆಯಿಂದ ತಂದ ಚಕ್ಕುಲಿಯ ಡಬ್ಬಿ ತೆರೆದೆ. ಪಕ್ಕದಲ್ಲಿದ್ದ ನೆರೆಮನೆಯ ಭಟ್ಟರು ನನ್ನ ಚಕ್ಕುಲಿ ಮೆಲ್ಲುತ್ತಲೇ ದೂರಿನ ಅರ್ಜಿ ಬರೆದುಕೊಟ್ಟರು.

ಎರಡು ತಿಂಗಳ ನಂತರ ಅವರಿಗೆ ಕ್ಷಮಾಪಣೆ ಪತ್ರದೊಂದಿಗೆ ಅದೇ ದಾರಿಯ ಪುಕ್ಕಟೆ ಟಿಕೆಟ್ ಬಂತು. ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ನಮ್ಮ ಜಗಲಿಗೇ ತಂದರು.

“ಊಟ ಕೊಡದಿದ್ದದ್ದೇ ಒಳ್ಳೇದಾತು ಮಾರಾಯ್ರೆ!”

ಅಂದೇ ನಾನೂ ವಿಮಾನ ಕಂಪನಿಗೆ ಪತ್ರ ಬರೆದೆ. ‘ತೊಂದರೆಯಿಲ್ಲವೆಂದು ತಾವೇ ತಿಳಿಸಿದ್ದಿರಿ. ತಮ್ಮ ಸೌಜನ್ಯಕ್ಕೆ ಕೃತಜ್ಞರು’ ಎಂಬ ಉತ್ತರ ಬಂತು.

“ಅವರು ಅರ್ಜಿ ಬರೆದ್ರು, ನೀವು ಚಕ್ಕುಲಿ ಹಂಚಿದ್ರಿ. ಮತ್ತೆ ಎಂತ ಬರ್ತದೆ?” ಎಂದಳು ಹೆಂಡತಿ.

ಭಟ್ಟರು ಆ ಟಿಕೆಟ್ಟಿನ ವಿಮಾನ ಹಿಡಿಯಲು ಮುಂಬೈಗೆ ಹೊರಟ ದಿನ, ಅವರನ್ನು ಬೀಳ್ಕೊಡಲು ರೈಲು ನಿಲ್ದಾಣಕ್ಕೆ ಹೋಗಿದ್ದೆ. ಮುಂಬೈ ರೈಲು ಮೂರು ತಾಸು ತಡವೆಂದು ಸಾರಿದರು. “ಛೆ, ಅನ್ಯಾಯ!” ಎಂದು ಬಾಯಲ್ಲಿ ಹೇಳಿದೆ, ಟಿಕೆಟ್ ಬಂದಂದಿನಿಂದ ಉರಿಯುತ್ತಿದ್ದ ಹೊಟ್ಟೆ ಮಾತ್ರ ತಣ್ಣಗಾಯಿತು.